ಸುತ್ತಿಗೆಯ ಪಾಲು

ಭಾಂಡುಪಿನಲ್ಲಿ ನನ್ನ ಮೈದುನನ ಮೊಮ್ಮಗ ಹೊಸ ಮನೆ ತಗೊಂಡ. ವಾಸ್ತು ಪೂಜೆಗೆ ಬಾ ಅಜ್ಜಿ ಅಂತ ಟ್ಯಾಕ್ಸಿ ಕಳಿಸಿದ. ಹದಿನಾಲ್ಕನೇ ಮಾಳಿಗೆ. ಕಿಟಕಿಯಿಂದ ಕೆಳಗೆ ನೋಡಿದರೆ ತಲೆ ತಿರುಗುತ್ತದೆ, ಅದಕ್ಕೆ ನಾನು ಕೆಳಗೆ ನೋಡಲಿಲ್ಲ, ಎದುರಿಗೆ ನೋಡಿದೆ. ಎದುರಿಗೆ ಗುಡ್ಡ. ಅರ್ಧ ಕಡಿದು ಬಿಟ್ಟ ಗುಡ್ಡ, ಹಲ್ಲು ಕಿತ್ತ ಬಾಯಿಯ ಹಾಗೆ. ಅದನ್ನು ನೋಡಿದ ಕೂಡಲೇ ನಾನು ಎಲ್ಲಿ ನಿಂತಿದ್ದೇನೆ ಅಂತ ಗೊತ್ತಾಯಿತು. ಆ ಹಲ್ಲು ಕಿತ್ತವರಲ್ಲಿ ನಾನೂ ಒಬ್ಬಳು. ನಮ್ಮ ಖದಾನು ಇದ್ದದ್ದು ಅಲ್ಲೇ. ಖದಾನು ಅಂದರೆ ಕಲ್ಲುಗಣಿ, ಮುಂಬಯಿಯಲ್ಲಿ ನಾವು ಯಾರೂ ಗಣಿ ಅಂದವರಲ್ಲ.

ಭಟ್ಟರು ಇನ್ನೂ ಮಂತ್ರ ಹೇಳುತ್ತಿದ್ದರು, ಅಷ್ಟರಲ್ಲಿ ಆ ವಾಸನೆ ಬಂತು. ಕಬ್ಬಿಣ ಕಲ್ಲಿಗೆ ಉಜ್ಜಿದಾಗ ಬರುವ ಸುಟ್ಟ ವಾಸನೆ. ಊದುಬತ್ತಿ, ತುಪ್ಪ, ಕರ್ಪೂರ ಎಲ್ಲಾ ದಾಟಿ ಬಂದು ಮೂಗಿನಲ್ಲಿ ಕೂತಿತು. ನಾನು ಎದ್ದು ಹೋದೆ. ಪಕ್ಕದ ಮನೆಯ ಬಾಗಿಲು ತೆರೆದಿತ್ತು. ಒಳಗೆ ಒಬ್ಬ ಮನುಷ್ಯ ಕುಕ್ಕರಗಾಲಿನಲ್ಲಿ ಕೂತು ಮಷೀನಿನಿಂದ ಟೈಲ್ಸ್ ಕೊಯ್ಯುತ್ತಿದ್ದ. ಹುಬ್ಬು, ಕಿವಿ, ರೆಪ್ಪೆ ಎಲ್ಲಾ ಬೆಳ್ಳಗೆ. ಬಾಯಿಗೆ ಕರ್ಚೀಫು ಕಟ್ಟಿದ್ದ.

ನನಗೆ ಬರುವ ಹಿಂದಿಯಲ್ಲಿ, "ನೀರು ಹಾಕಿ ಕೊಯ್ಯಪ್ಪಾ" ಅಂದೆ.

ಅವನು ನಕ್ಕ. "ನೀರು ಹಾಕಿದರೆ ಕೆಸರಾಗತ್ತೆ ಮಾಯಿ. ಕೆಲಸ ಸಾಗಲ್ಲ. ಠೇಕೇದಾರ ಬೈತಾನೆ."

ಮೊಮ್ಮಗ ಹಿಂದೆಯೇ ಬಂದು ಕೈ ಹಿಡಿದ. "ಅಜ್ಜಿ, ಚಲ್, ಒಳಗೆ ಬಾ ನಾ. ಕಿತ್ನಾ ಧೂಳು ಇದೆ ಇಲ್ಲಿ."

ಒಳಗೆ ಬಂದೆ. ಹೋಳಿಗೆ ಬಡಿಸಿದರು, ತಿಂದೆ, ರುಚಿ ಹತ್ತಲಿಲ್ಲ. ಗಂಟಲಲ್ಲಿ ಒಂದು ವರ್ಷ ಅಡ್ಡ ನಿಂತಿತ್ತು.

ಅದು ಎಪ್ಪತ್ತರ ಮೇಲಿನ ಯಾವುದೋ ವರ್ಷ. ಇಸವಿ ಹೇಳಿ ಅಂದರೆ ನನಗೆ ಬರುವುದಿಲ್ಲ. ನನ್ನ ಮಗಳು ಗಂಗಿಗೆ ಮುಂದಿನ ಹಲ್ಲು ಬಿದ್ದಿದ್ದವು, ಮುನ್ಸಿಪಾಲ್ಟಿ ಕನ್ನಡ ಶಾಲೆಗೆ ಹೋಗುತ್ತಿದ್ದಳು. ಅಷ್ಟು ಗೊತ್ತು.

ನಾವೆಲ್ಲಾ ಬಾಗಲಕೋಟೆ ಕಡೆಯವರು, ಕಲ್ಲು ಒಡೆಯುವ ಮಂದಿ. ಗುಡ್ಡದ ಬುಡದಲ್ಲಿ ತಗಡಿನ ಗುಡಿಸಲು, ಒಂದಕ್ಕೊಂದು ಬೆನ್ನು ಹಚ್ಚಿ. ಗಂಡಸರು ದೊಡ್ಡ ಸುತ್ತಿಗೆಯಿಂದ ಬಂಡೆ ಒಡೆಯುತ್ತಿದ್ದರು, ಹೆಂಗಸರು ಸಣ್ಣ ಸುತ್ತಿಗೆಯಿಂದ ಅದನ್ನು ಖಡಿ, ಅಂದರೆ ಜಲ್ಲಿ, ಮಾಡಿ ಬುಟ್ಟಿಯಲ್ಲಿ ಹೊತ್ತು ಲಾರಿಗೆ ತುಂಬುತ್ತಿದ್ದೆವು. ಖಡಿ ಎಲ್ಲಿಗೆ ಹೋಗುತ್ತದೆ ಅಂತ ಡ್ರೈವರನನ್ನು ಕೇಳಿದರೆ ಒಮ್ಮೆ ವಡಾಲ ಅನ್ನುತ್ತಿದ್ದ, ಒಮ್ಮೆ ಫೋರ್ಟ್ ಅನ್ನುತ್ತಿದ್ದ. ನಾನು ಫೋರ್ಟ್ ನೋಡಿದ್ದು ಮುದುಕಿ ಆದ ಮೇಲೆ.

ಹೆಂಗಸರ ಕೂಲಿ ಬುಟ್ಟಿ ಲೆಕ್ಕ. ಗಂಡಸರದು ಟೋಳಿ ಲೆಕ್ಕ. ಟೋಳಿ ಅಂದರೆ ಒಟ್ಟಿಗೆ ದುಡಿಯುವ ಗುಂಪು. ಎಷ್ಟು ಕಲ್ಲು ಬಿತ್ತೋ ಅದರ ಹಣ ಒಟ್ಟು ಬರುತ್ತಿತ್ತು, ಹಂಚಿಕೊಳ್ಳಬೇಕು. ನಮ್ಮ ಟೋಳಿಯ ಹಿರಿಯ ದುರ್ಗಪ್ಪ. ಬೆರಳು ಎರಡು ಇಲ್ಲದ ಮನುಷ್ಯ, ಮಾತು ಕಡಿಮೆ. ಶನಿವಾರ ಕೂಲಿ ಹಂಚುವಾಗ ದುರ್ಗಪ್ಪ ತಲೆ ಎಣಿಸುತ್ತಿರಲಿಲ್ಲ, ಸುತ್ತಿಗೆ ಎಣಿಸುತ್ತಿದ್ದ.

ಅದು ನಮ್ಮ ರೂಢಿ. ಖದಾನಿನ ನಡುವೆ ಒಡೆಯದೆ ಬಿಟ್ಟ ಒಂದು ಕರೀ ಬಂಡೆ ಇತ್ತು. ಮಾನೋಮಿಯಲ್ಲಿ, ಆಯುಧ ಪೂಜಿಸುವ ಖಂಡೆ ಪೂಜೆಯ ದಿನ, ಅದರ ಮೇಲೆ ಟೋಳಿಯ ಗಂಡಸರು ತಮ್ಮ ತಮ್ಮ ಸುತ್ತಿಗೆ ಸಾಲಾಗಿ ಇಡುತ್ತಿದ್ದರು. ಅರಿಶಿನ, ಕುಂಕುಮ, ಒಂದು ತೆಂಗಿನಕಾಯಿ. ಒಮ್ಮೆ ಸಾಲಿನಲ್ಲಿ ಕೂತ ಸುತ್ತಿಗೆಗೆ ಮುಂದಿನ ಮಳೆಗಾಲದ ತನಕ ಪಾಲು. ನಡುವೆ ಯಾರಿಗಾದರೂ ಕಾಲಿನ ಮೇಲೆ ಕಲ್ಲು ಬಿತ್ತು, ಕಣ್ಣಿಗೆ ಚೂರು ಹೊಕ್ಕಿತು, ಮಲಗಿಕೊಂಡ ಅನ್ನಿ. ಅವನ ಹೆಂಡತಿ ಮರುದಿನ ಅವನ ಸುತ್ತಿಗೆ ತಂದು ಬಂಡೆಯ ಮೇಲೆ ಇಡುತ್ತಿದ್ದಳು, ಅವನು ಎದ್ದು ಬರುವ ತನಕ ಅದು ಅಲ್ಲೇ. ಅವನು ಬಂದ ಹಾಗೇ ಲೆಕ್ಕ. ಉಳಿದವರು ಅವನ ಪಾಲಿನ ಕಲ್ಲು ಒಡೆಯುತ್ತಿದ್ದರು. ಯಾರೂ ಉಪಕಾರ ಅನ್ನುತ್ತಿರಲಿಲ್ಲ, ಇವತ್ತು ಅವನದು, ನಾಳೆ ನಿನ್ನದು.

ಒಳ್ಳೇ ರೂಢಿ. ಆದರೆ ಅದನ್ನು ಮಾಡಿದವರು ಗಾಯಕ್ಕೆ ಅಂತ ಮಾಡಿದ್ದರು. ಗಾಯ ಆದರೆ ಕೂಡುತ್ತದೆ, ಇಲ್ಲಾ ಮನುಷ್ಯ ಸಾಯುತ್ತಾನೆ. ಕೂಡದೆ, ಸಾಯದೆ, ವರ್ಷಗಟ್ಟಲೆ ಕೂರುವ ರೋಗ ಒಂದು ಬರುತ್ತದೆ ಅಂತ ಆ ಹಿರಿಯರಿಗೆ ಗೊತ್ತಿರಲಿಲ್ಲ.

ಅದು ಡ್ರಿಲ್ ಮಷೀನಿನ ಜೊತೆ ಬಂತು. ಮೊದಲು ಮದ್ದು ತುಂಬುವ ಸುರಂಗದ ತೂತು ಕೈಯಲ್ಲೇ ಹೊಡೆಯುತ್ತಿದ್ದರು, ಉಳಿಗೆ ನೀರು ಬಿಟ್ಟುಕೊಂಡು, ನಿಧಾನ. ಮಷೀನು ಬಂದ ಮೇಲೆ ಬರೀ ಗಾಳಿ. ಗುರ್ ಅಂದರೆ ತೂತು, ತೂತಿನಿಂದ ಬಿಳೀ ಹೊಗೆ ಎದ್ದ ಹಾಗೆ ಧೂಳು. ಮೈ ನಡುಗಿಸುವ ಮಷೀನು, ಅದಕ್ಕೆ ಗಟ್ಟಿ ಆಳೇ ಬೇಕು. ಟೋಳಿಯಲ್ಲಿ ಎಲ್ಲರಿಗಿಂತ ಗಟ್ಟಿ ಯಾರು? ನನ್ನ ಗಂಡ. ಯಲ್ಲಪ್ಪ ಅಂದರೆ ಬೇರೆ ಖದಾನಿನವರೂ ತಿರುಗಿ ನೋಡುತ್ತಿದ್ದರು. ಅವನೇ ಹಿಡಿದ. ಅವನ ಹಿಂದೆ ಇನ್ನೂ ನಾಲ್ಕು ಮಂದಿ, ಎಲ್ಲಾ ರಟ್ಟೆಯವರೇ. ಸೊರಗಿದವರನ್ನು ಆ ಮಷೀನು ಕೇಳಲಿಲ್ಲ. ಸೊರಗಿದವರೇ ಉಳಿದರು.

ಡ್ರಿಲ್ಲಿನವರಿಗೆ ಖದಾನಿನ ಒಡೆಯ ಶೇಟ್ ದಿನಾ ಒಂದು ಬೆಲ್ಲದ ಹೆಂಟೆ ಕೊಡಿಸುತ್ತಿದ್ದ. ಬೆಲ್ಲ ತಿಂದರೆ ಎದೆಯ ಧೂಳು ಹೊಟ್ಟೆಗೆ ಇಳಿಯುತ್ತದೆ ಅಂತ ನಮ್ಮ ಮೇಲೆ ನಿಂತು ಕೆಲಸ ಮಾಡಿಸುವ ಮುಕಾದಮ ಹೇಳುತ್ತಿದ್ದ, ನಾವೂ ನಂಬಿದ್ದೆವು. ನಂಬಿಯೂ ಯಾವನೂ ತಿನ್ನಲಿಲ್ಲ. ಪಂಜೆಯ ತುದಿಗೆ ಕಟ್ಟಿಕೊಂಡು ಮನೆಗೆ ತರುತ್ತಿದ್ದರು, ಮಕ್ಕಳಿಗೆ. ನನ್ನ ಗಂಗಿ ಸಂಜೆ ಅಪ್ಪನ ದಾರಿ ಕಾಯುತ್ತಿದ್ದದ್ದು ಅಪ್ಪನಿಗಾಗಿ ಅಲ್ಲ, ಬೆಲ್ಲಕ್ಕೆ. ಅದನ್ನು ಅವನೂ ಬಲ್ಲ. "ನಿನ್ನ ಮಗಳು ನನ್ನ ಮಾರಿ ನೋಡೂದಿಲ್ಲ, ಪಂಜೆ ನೋಡ್ತಾಳ" ಅಂತ ನಗುತ್ತಿದ್ದ.

ಆಮೇಲೆ ನಗಲು ಹೋದರೆ ಕೆಮ್ಮು ಬರತೊಡಗಿತು. ಮೊದಲು ಏರಿ ಹತ್ತುವಾಗ, ಆಮೇಲೆ ಸಪಾಟು ನೆಲದಲ್ಲಿ, ಆಮೇಲೆ ಕೂತಲ್ಲೇ. ಮಲಗಿದರೆ ಉಸಿರು ಸಿಗದು. ಬುಟ್ಟಿ ಬೋರಲು ಹಾಕಿ ಅದರ ಮೇಲೆ ಮೊಳಕೈ ಊರಿ ಕೂತೇ ನಿದ್ದೆ ಮಾಡುತ್ತಿದ್ದ. ಮುಕಾದಮ ಬಂದು ನೋಡಿ, "ಟಿ.ಬಿ. ಇದು. ಊರಾಗಿಂದ ತಂದಾನ" ಅಂದ. ದವಾಖಾನೆಗೆ ಹೋದೆವು. ಅಲ್ಲಿಯ ಡಾಕ್ಟರಬಾಯಿ ಎದೆಯ ಫೋಟೋ ತೆಗೆಸಿದಳು, ಉಗುಳು ನೋಡಿಸಿದಳು. ಇದು ಟಿ.ಬಿ. ಅಲ್ಲ, ಕಲ್ಲಿನ ಪುಡಿ ಎದೆಯಲ್ಲಿ ಕೂತಿದೆ, ಇದಕ್ಕೆ ಔಷಧ ಇಲ್ಲ, ಆ ಕೆಲಸ ಬಿಡಿಸು ಅಂದಳು. ಮಾತು ಒರಟು, ಆದರೆ ಸುಳ್ಳು ಹೇಳಲಿಲ್ಲ.

ಅದನ್ನೇ ಮುಕಾದಮನಿಗೆ ಹೇಳಿದೆ.

"ಕಲ್ಲು ಎದಿಯೊಳಗ ನಡದು ಹೋಗಾಕ ಅದಕ್ಕೇನ ಕಾಲ ಅದಾವೇನ ಹುಲಿಗೆವ್ವಾ?" ಅಂದ. ನಿಂತವರು ನಕ್ಕರು.

ಎದೆಯ ಫೋಟೋ ನನ್ನ ಹತ್ತಿರವೇ ಉಳಿಯಿತು. ಗಟ್ಟಿ ಹಾಳೆ, ನೀರಿಗೆ ಹಾಳಾಗುವುದಿಲ್ಲ. ಗುಡಿಸಲಿನ ಗೋಡೆಯಲ್ಲಿ ಒಂದು ತೂತಿತ್ತು, ಗಾಳಿ ಧೂಳು ಒಳಗೆ ಬರುತ್ತಿತ್ತು, ಅದಕ್ಕೆ ಬಡಿದೆ. ಬೆಳಿಗ್ಗೆ ಬಿಸಿಲು ಬಂದರೆ ಗಂಡನ ಎಲುಬು ಎಲ್ಲಾ ಕಾಣುತ್ತಿದ್ದವು, ನಡುವೆ ಜೋಳ ಚೆಲ್ಲಿದ ಹಾಗೆ ಬಿಳೀ ಚುಕ್ಕೆ. ಗಂಗಿ ಶಾಲೆಯಲ್ಲಿ ಕಲಿತ ಮಗ್ಗಿ ಅದರ ಎಲುಬಿನ ಮೇಲೆ ಬೆರಳಿಟ್ಟು ಹೇಳುತ್ತಿದ್ದಳು.

ಆ ವರ್ಷದ ಖಂಡೆ ಪೂಜೆ ನನಗೆ ಚೆನ್ನಾಗಿ ನೆನಪಿದೆ. ಬಂಡೆಯ ಮೇಲೆ ಹನ್ನೊಂದು ಸುತ್ತಿಗೆ ಕೂತವು. ಕಾಯಿ ಒಡೆಯಲು ಬಂದು ನಿಂತ ಗಂಡಸರು ಆರು. ಉಳಿದ ಐದನ್ನು ಹೆಂಡಂದಿರು ತಂದಿದ್ದೆವು. ನನ್ನ ಪಕ್ಕ ಭೀಮವ್ವ, ಅವಳ ಗಂಡ ತಿಪ್ಪಣ್ಣನೂ ಡ್ರಿಲ್ ಹಿಡಿದವನೇ. ದುರ್ಗಪ್ಪ ಸಾಲು ನೋಡಿದ, ಮಂದಿ ನೋಡಿದ, ಮತ್ತೆ ಸಾಲು ನೋಡಿದ. ಎಲ್ಲಾ ಸುತ್ತಿಗೆಗೂ ಅರಿಶಿನ ಹಚ್ಚಿದ.

ಮಳೆ ನಿಂತ ಮೇಲೆ ಖದಾನಿನಲ್ಲಿ ಧೂಳಿನ ಕಾಲ. ದೀಪಾವಳಿ ಆಯಿತು, ಚಳಿ ಬಂತು. ಶನಿವಾರದ ಪಾಲು ವಾರ ವಾರಕ್ಕೆ ತೆಳ್ಳಗಾಯಿತು. ಆರು ಮಂದಿ ಹನ್ನೊಂದು ಮನೆ ಸಾಕಬೇಕು. ಬೆಳಕು ಹರಿಯುವ ಮೊದಲೇ ಹೋಗುತ್ತಿದ್ದರು, ಕತ್ತಲಾದ ಮೇಲೆ ಬರುತ್ತಿದ್ದರು. ಕಿರಾಣಿಯವನು ಉದ್ರಿ ನಿಲ್ಲಿಸಿದ. ಹೆಂಗಸರು ತಿಂಗಳು ತಿಂಗಳು ಕೂಡಿಸಿಟ್ಟ ಚೀಟಿ ಹಣ, ಭಿಶಿ, ಉಸಿರು ಸಡಿಲಾಗಲಿ ಅಂತ ಹಾಕಿಸುವ ಇಂಜೆಕ್ಷನ್ನಿಗೆ ಮುಗಿಯಿತು, ಮುಂದಿನ ತಿಂಗಳು ಎತ್ತಬೇಕಾದವಳು ಎದೆ ಬಡಿದುಕೊಂಡಳು. ಒಬ್ಬಳ ಮೂಗುಬಟ್ಟು ಹೋಯಿತು, ಒಬ್ಬಳ ಮಗ ಶಾಲೆ ಬಿಟ್ಟ. ಕೆಮ್ಮುವವರು ಐದು ಮಂದಿ, ಖರ್ಚು ಇಡೀ ಓಣಿಯದು. ಶೇಟ್‌ನ ಖರ್ಚು ಏನೂ ಹೆಚ್ಚಲಿಲ್ಲ, ಬೆಲ್ಲ ಐದು ಹೆಂಟೆ ಉಳಿಯಿತು.

ಆರು ಮಂದಿಯಲ್ಲಿ ಎಲ್ಲರಿಗಿಂತ ಚಿಕ್ಕವನು ಹನಮಂತ. ಕಲ್ಲಿನ ಎಳೆ ನೋಡುವುದು, ಎಲ್ಲಿ ಹೊಡೆದರೆ ಬಂಡೆ ಬಾಯಿ ಬಿಡುತ್ತದೆ ಅನ್ನುವುದು, ಎಲ್ಲಾ ನನ್ನ ಗಂಡನ ಕೈಯಲ್ಲಿ ಕಲಿತವನು. ಮದುವೆಯಾಗಿ ಎರಡು ವರ್ಷ ಆಗಿತ್ತು. ಹೆಂಡತಿ ರಾಮವ್ವ, ಸಣ್ಣ ಹುಡುಗಿ, ನಾಲಿಗೆ ಮಾತ್ರ ಉಳಿಯ ಹಾಗೆ. ನಳ ನಮ್ಮ ಗುಡಿಸಲಿನ ಎದುರಿಗೇ ಇತ್ತು. ಒಂದು ದಿನ ನೀರಿನ ಪಾಳಿಯಲ್ಲಿ ನನ್ನ ಹಿಂದೆ ನಿಂತಿದ್ದಳು.

"ಹುಲಿಗೆವ್ವಕ್ಕಾ, ಒಂದ್ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ."

"ಸಿಟ್ಟಿನ ಮಾತಾದ್ರ ಸಿಟ್ಟಾಗ್ತೀನಿ. ಕೇಳು."

"ನನ್ನ ಗಂಡ ಒಬ್ಬಾಂವ. ಅಂವ ಎಷ್ಟು ಮಂದಿ ಉಸಿರು ಎಳೀಬೇಕು?"

ಭೀಮವ್ವ ಕೊಡ ಕೆಳಗಿಟ್ಟಳು.

"ನಿನ್ನ ಗಂಡ ನನ್ನ ಗಂಡನ ಕೈಯಾಗ ಕೆಲಸ ಕಲ್ತಾನ, ಮರೀಬ್ಯಾಡ" ಅಂದೆ.

"ಕಲ್ತಾನ, ಇಲ್ಲ ಅನ್ನೂದಿಲ್ಲ. ಅದಕ್ಕ ಅವರ ಕೆಮ್ಮೂ ಕಲೀಬೇಕೇನು? ಬಂಡಿ ಮ್ಯಾಲೆ ಮಲಗಿದ ಸುತ್ತಿಗಿ ಐದು. ನನ್ನ ಹೊಟ್ಟ್ಯಾಗ ಒಂದೈತಿ. ಅದು ಹುಟ್ಟಿ ಏನ್ ತಿನ್ನಬೇಕು, ಅರಿಷಿಣಾನ?"

ನಾನು ಅವಳ ಕೊಡ ಒದ್ದೆ. ಉರುಳಿ ಹೋಗಿ ಕಲ್ಲಿಗೆ ಬಡಿದು ತಗ್ಗು ಬಿತ್ತು. ಅವಳು ನನ್ನ ಸೆರಗು ಹಿಡಿದಳು, ನಾನು ಅವಳ ತುರುಬು ಹಿಡಿದೆ. ಬಸುರಿ ಅಂತ ಭೀಮವ್ವ ನಡುವೆ ಬಂದು ಬಿಡಿಸಿದಳು. ಸಿಟ್ಟು ಯಾಕೆ ಬಂತು ಅಂದರೆ, ಅವಳು ಅಂದದ್ದು ಖರೆ ಇತ್ತು. ಸುಳ್ಳಾಗಿದ್ದರೆ ನಕ್ಕು ಬಿಡುತ್ತಿದ್ದೆ. ಆದರೆ ಆ ಪಾಲು ನಿಂತರೆ ನನ್ನ ಮನೆಯಲ್ಲಿ ಏನಿದೆ? ನನ್ನ ಬುಟ್ಟಿ ಕೂಲಿ ಗಂಡನ ಇಂಜೆಕ್ಷನ್ನಿಗೂ ಸಾಲದು. ಗಂಗಿಯನ್ನು ಶಾಲೆ ಬಿಡಿಸಿ ಖಡಿ ಒಡೆಯಲು ಕೂರಿಸಬೇಕು. ಆ ಸುತ್ತಿಗೆ ಬಂಡೆಯ ಮೇಲೆ ಇರುವ ತನಕ ಅವಳ ಕೈಯಲ್ಲಿ ಪಾಟಿ ಇರುತ್ತದೆ. ನನ್ನ ಲೆಕ್ಕ ಅಷ್ಟೇ.

ಇವನು ಒಳಗೆ ಬುಟ್ಟಿಯ ಮೇಲೆ ಮೊಳಕೈ ಊರಿ ಕೂತು ಎಲ್ಲಾ ಕೇಳಿಸಿಕೊಂಡಿದ್ದ. ನಾನು ಒಳಗೆ ಬಂದರೆ, "ಆ ಹುಡುಗಿ ಕೊಡಾ ತುಂಬಿ ಕೊಟ್ಟು ಬಾ" ಅಂದ. ತುಂಬಿ ಕೊಟ್ಟೆ. ಅವಳು ನನ್ನ ಮುಖ ನೋಡಲಿಲ್ಲ, ನಾನೂ ನೋಡಲಿಲ್ಲ.

"ನಾಳೆ ಖದಾನಿಗೆ ಹೋಗೂಣು" ಅಂದ.

"ಯಾಕ? ಬಂಡಿಗೆ ನಮಸ್ಕಾರ ಮಾಡಾಕ?"

"ಹೂಂ. ಅದಕ್ಕ ಅಂತ ತಿಳಿ."

ನಡೆದು ಹೋಗುವ ಶಕ್ತಿ ಅವನಿಗಿರಲಿಲ್ಲ. ನೀರಿನ ಡ್ರಮ್ಮು ತರುವ ಕೈಗಾಡಿ ಕೇಳಿ ತಂದು, ಅದರಲ್ಲಿ ಗೋಣಿ ಹಾಸಿ ಕೂರಿಸಿ ತಳ್ಳಿಕೊಂಡು ಹೋದೆ. ಖದಾನಿನಲ್ಲಿ ನೋಡಿದವರು ಸುತ್ತಿಗೆ ನಿಲ್ಲಿಸಿದರು.

ಹನಮಂತ ಓಡಿ ಬಂದ. "ಏನ್ ಯಲ್ಲಪ್ಪಣ್ಣಾ, ಮದುವಿ ಮೆರವಣಿಗಿ ಹೊಂಟೈತೇನ?"

"ಹೌದಲೇ. ಕುದುರಿ ಸಿಗಲಿಲ್ಲ, ಹೆಂಡ್ತೀನ್ನ ಕಟ್ಟೀನಿ."

ಎಲ್ಲಾ ನಕ್ಕರು. ಅವನೂ ನಗಲು ಹೋಗಿ ಕೆಮ್ಮಿದ, ಕೆಮ್ಮು ನಿಲ್ಲುವ ತನಕ ಎಲ್ಲರೂ ಬೇರೆ ಕಡೆ ನೋಡುತ್ತಾ ನಿಂತರು. ಆಮೇಲೆ ಗಾಡಿಯಿಂದ ಇಳಿದು ಬಂಡೆಯ ಹತ್ತಿರ ಹೋದ. ಐದು ಸುತ್ತಿಗೆಗಳಲ್ಲಿ ತನ್ನದು ಯಾವುದು ಅಂತ ಹುಡುಕಬೇಕಾಗಿರಲಿಲ್ಲ. ಹಿಡಿಯುವ ಮರದ ಕಾವು ಅವನ ಅಂಗೈಗೆ ಸವೆದು ತಗ್ಗು ಬಿದ್ದಿತ್ತು. ಎರಡೂ ಕೈ ಹಾಕಿ ಎತ್ತಲು ನೋಡಿದ. ಅಲುಗಲಿಲ್ಲ. ನನ್ನ ಕಡೆ ತಿರುಗಿ, "ಎತ್ತು" ಅಂದ.

ನಾನು ಎತ್ತಲಿಲ್ಲ. ಅವನು ಏನು ಮಾಡಲು ಬಂದಿದ್ದಾನೆ ಅಂತ ಆಗ ನನಗೆ ತಿಳಿಯಿತು.

ದುರ್ಗಪ್ಪ ಅಡ್ಡ ಬಂದ. "ಯಲ್ಲಪ್ಪಾ, ಜೀವ ಇದ್ದಾಂವ ಪಾಲು ಬಿಟ್ಟು ಸುತ್ತಿಗಿ ಎತ್ತಬಾರದು. ನಮ್ಮೊಳಗ ಯಾರೂ ಎತ್ತಿಲ್ಲ. ಅಪಶಕುನ."

"ದುರ್ಗಣ್ಣಾ, ಕೆಲಸ ಮಾಡದೇ ಪಾಲು ಕೇಳೂದಕ್ಕ ಮುಕಾದಮ ಅಂತಾರ, ಸುತ್ತಿಗಿ ಅನ್ನೂದಿಲ್ಲ."

ದುರ್ಗಪ್ಪನಿಗೂ ನಗು ಬಂತು, ಅದನ್ನು ನುಂಗಿದ. ಮುಖ ಬೇರೆ ಕಡೆ ಮಾಡಿಕೊಂಡ.

"ಎತ್ತು" ಅಂತ ಇವನು ಮತ್ತೆ ನನಗೆ ಅಂದ. ಎತ್ತಿ ಗಾಡಿಯಲ್ಲಿ ಹಾಕಿದೆ. ಅವನನ್ನೂ ಕೂರಿಸಿದೆ. ಮನೆಯ ತನಕ ಒಂದು ಮಾತು ಆಡಲಿಲ್ಲ. ಮನೆಗೆ ಬಂದ ಮೇಲೆ ಆಡಿದೆ. ಮರ್ಯಾದೆ ನಿಂದು, ಹೊಟ್ಟೆ ನಮ್ಮದು ಅಂದೆ. ಇನ್ನೂ ಏನೇನೋ ಅಂದೆ, ಅದನ್ನೆಲ್ಲಾ ಬರೆಯುವುದಿಲ್ಲ. ಅವನು ತಿರುಗಿ ಬೈಯಲಿಲ್ಲ, ಬೈಯಲು ಉಸಿರು ಬೇಕು. ಗಂಗಿಯ ಶಾಲೆ ಆ ವಾರವೇ ಬಿಡಿಸಿದೆ. ಅವಳ ಕೈಗೆ ಸಣ್ಣ ಸುತ್ತಿಗೆ ಕೊಟ್ಟು ಪಕ್ಕಕ್ಕೆ ಕೂರಿಸಿಕೊಂಡೆ.

ಅಷ್ಟಕ್ಕೇ ಮುಗಿದಿದ್ದರೆ ಒಂದು ಮಾತು. ಒಬ್ಬ ಎತ್ತಿದ ಮೇಲೆ ಉಳಿದ ನಾಲ್ವರು ಹೇಗೆ ಇಟ್ಟುಕೊಳ್ಳುತ್ತಾರೆ? ಯಾರೂ ಎತ್ತಿರಿ ಅನ್ನಲಿಲ್ಲ. ಆದರೆ ಶನಿವಾರ ಆ ಪಾಲು ಇಸಿದುಕೊಳ್ಳಲು ಹೋದ ಹೆಂಗಸರಿಗೆ ಯಾರ ಕಣ್ಣಲ್ಲೂ ಕಣ್ಣಿಡಲು ಆಗಲಿಲ್ಲ. ಹೋಳಿ ಹುಣ್ಣಿಮೆಯ ಹೊತ್ತಿಗೆ ಒಂದೊಂದೇ ಸುತ್ತಿಗೆ ಬಂಡೆಯಿಂದ ಎದ್ದವು. ಕೊನೆಯದು ಭೀಮವ್ವನದು. ಸತ್ತ ಕೋಳಿ ಹಿಡಿದ ಹಾಗೆ ಕಾವು ಹಿಡಿದು ಎಳೆದುಕೊಂಡು ಬಂದು ನಮ್ಮ ಬಾಗಿಲ ಮುಂದೆ ಒಗೆದಳು.

"ಎಲ್ಲಿ ನಿನ್ನ ಗಂಡ? ದೊಡ್ಡ ಮನಶ್ಯಾ ಆದ. ತಗೋ, ಇದನ್ನೂ ಅಂವಗ ಕೊಡು. ಎರಡೂ ಕೂಡಿಸಿ ತನಗೊಂದು ಗುಡಿ ಕಟ್ಟಿಸಿಕೊಳ್ಳಲಿ. ನಮ್ಮ ಒಲಿ ಆರಿತು."

ಅವಳು ಹೋದ ಮೇಲೆ ಇವನು ನನ್ನನ್ನು ಕೇಳಿದ, "ನಾ ತಪ್ಪ ಮಾಡಿದ್ನೇನ?"

"ನನಗೇನ ಗೊತ್ತು" ಅಂದೆ. ಇವತ್ತಿಗೂ ಗೊತ್ತಿಲ್ಲ.

ತಿಪ್ಪಣ್ಣ ಬೇಸಿಗೆಯ ಬಿಸಿಲು ಏರುವ ಮುಂಚೆಯೇ ತೀರಿಕೊಂಡ. ಅವನ ಸುತ್ತಿಗೆಯನ್ನು ನಾನೇ ಒಯ್ದು ಭೀಮವ್ವನ ಮನೆಯ ಮೂಲೆಯಲ್ಲಿ ಇಟ್ಟು ಬಂದೆ. ಅವಳು ಅಡ್ಡಿ ಮಾಡಲಿಲ್ಲ.

ಪಾಲು ಹಗುರಾದರೆ ಆರು ಮಂದಿ ಸುಖವಾಗಿರಬೇಕಿತ್ತು. ಇವನ ಎಣಿಕೆ ಅದೇ. ಆದರೆ ಶೇಟ್ ಲೆಕ್ಕ ಬೇರೆ. ಐದು ಸುತ್ತಿಗೆ ಎದ್ದದ್ದು ನೋಡಿ, ಇಷ್ಟು ಸಣ್ಣ ಟೋಳಿಗೆ ಇಷ್ಟು ದೊಡ್ಡ ಜಾಗ ಯಾಕೆ ಅಂದನಂತೆ. ಡ್ರಿಲ್ಲಿಗೆ ಒಂದು ಆಳು ಕೊಡಿ, ಇಲ್ಲಾ ಜಾಗ ಬಿಡಿ. ನಮಗೆ ಅದು ತಿಳಿದದ್ದು ಬೆಲ್ಲದಿಂದ.

ವೈಶಾಖದ ಬಿಸಿಲು, ತಗಡು ಕಾದಿತ್ತು. ರಾಮವ್ವ ಬಾಗಿಲಿಗೆ ಬಂದು ನಿಂತಳು. ಕೊಡದ ಜಗಳ ಆದ ಮೇಲೆ ಮೊದಲ ಸಲ ಬಂದದ್ದು. ಹೊಟ್ಟೆ ಮುಂದೆ ಬಂದಿತ್ತು. ಸೆರಗಿನಿಂದ ಏನೋ ತೆಗೆದು ಗಂಗಿಯ ಕೈಯಲ್ಲಿ ಇಟ್ಟು, "ತಿನ್ನವಾ" ಅಂದಳು. ಬೆಲ್ಲದ ಹೆಂಟೆ.

ಇವನು ಒಳಗಿನಿಂದ ನೋಡಿದ. ಕಿರಾಣಿ ಬೆಲ್ಲ ಬೇರೆ, ಶೇಟ್ ಕೊಡಿಸುವ ಕರೀ ಬೆಲ್ಲ ಬೇರೆ, ಅವನಿಗೆ ಗೊತ್ತಾಗದೆ ಇರುತ್ತದೆಯೇ?

"ಯಾಂವ ಹಿಡದಾನ ಡ್ರಿಲ್?" ಅಂದ.

ರಾಮವ್ವ ಸೆರಗು ಎಳೆದುಕೊಂಡಳು.

"ಹನಮ್ಯಾನ?"

"ಹೂಂ" ಅಂದಳು. "ಗಟ್ಟಿ ಅದಾನಲ್ಲಾ ಮಾವಾ, ಅದಕ್ಕ ಅಂವಗ ಕೊಟ್ಟಾರ."

ಇವನು ಎರಡೂ ಕೈ ಬುಟ್ಟಿಯ ಮೇಲಿಟ್ಟು ಅದರ ಮೇಲೆ ಹಣೆ ಇಟ್ಟ. ಬೆನ್ನು ಅಲುಗಿತು. ಕೆಮ್ಮು ಬಂತೇನೋ ಅಂತ ನೀರು ಕೊಡಲು ಹೋದೆ. ಕೆಮ್ಮಲ್ಲ. ಅವನ ಹೆಂಡತಿಯಾಗಿ ಬಂದಾಗಿನಿಂದ ಅವನು ಅತ್ತದ್ದು ನೋಡಿರಲಿಲ್ಲ. ರಾಮವ್ವ ಹೆದರಿ ಹೊರಟು ಹೋದಳು. ಗಂಗಿ ಬೆಲ್ಲ ತಿಂದಳು. ಮಗು, ಏನು ಗೊತ್ತು? ನಾನೂ ಬೇಡ ಅನ್ನಲಿಲ್ಲ. ಅವಳು ಸಿಹಿ ಕಂಡು ತಿಂಗಳುಗಳಾಗಿದ್ದವು.

ಮಿರಗದ ಮಳೆ ಬಿತ್ತು. ಖದಾನು ನಿಂತಿತು, ಧೂಳು ಕೂತಿತು, ಗಿಡದ ಎಲೆಗಳು ಹಸಿರು ಅಂತ ಮತ್ತೆ ಗೊತ್ತಾಯಿತು. "ಇವತ್ತು ಗಾಳಿ ಛಲೋ ಐತಿ" ಅಂದ ನನ್ನ ಗಂಡ. ಒಂದೆರಡು ದಿನ ಹಾಗೇ ಅಂದ. ಆಮೇಲೆ ಒಂದು ಬೆಳಿಗ್ಗೆ ನಾನು ನೀರು ಹಿಡಿದು ಒಳಗೆ ಬಂದರೆ ಬುಟ್ಟಿಯ ಮೇಲೆ ಮೊಳಕೈ ಊರಿದ ಹಾಗೇ ಇದ್ದ. ಉಸಿರಿನ ಸಪ್ಪಳ ಇರಲಿಲ್ಲ. ವರ್ಷಗಟ್ಟಲೆ ಆ ಸಪ್ಪಳ ಕೇಳಿದ ಮನೆ, ಅದು ನಿಂತದ್ದೇ ನನಗೆ ಮೊದಲು ಕೇಳಿಸಿತು.

ಮಣ್ಣು ಮಾಡಿ ಬಂದ ಮೇಲೆ ಎಲ್ಲರೂ ಹೊಟ್ಟೆಪಾಡಿಗೆ ಹೋದರು, ನಾನೂ ಹೋದೆ. ಮಳೆಗಾಲ ಪೂರ್ತಿ ಲೋಕಲ್ ಹತ್ತಿ, ಕುರ್ಲಾದಲ್ಲಿ ಬದಲಿಸಿ, ವಡಾಲದ ಕಡೆ ಒಂದು ಗೋದಾಮಿನಲ್ಲಿ ಹರಿದ ಗೋಣಿ ಹೊಲಿದೆ. ಅಲ್ಲಿಂದ ನೋಡಿದರೆ ಎಲ್ಲೆಲ್ಲೂ ಹೊಸ ಬಿಲ್ಡಿಂಗು ಏಳುತ್ತಿದ್ದವು. ಒಂದರ ಮುಂದೆ ಖಡಿಯ ರಾಶಿ ಸುರಿದಿದ್ದರು. ಎಷ್ಟೋ ಖದಾನು ಇವೆ, ಇದು ನಮ್ಮದೇ ಅಂತ ಹೇಗೆ ಹೇಳಲಿ? ಸುಮ್ಮನೆ ಒಂದು ಕಲ್ಲು ಕೈಯಲ್ಲಿ ಹಿಡಿದು ನೋಡಿ ಬಿಸಾಕಿದೆ.

ಮತ್ತೆ ಮಾನೋಮಿ ಬಂತು.

ಬುಟ್ಟಿ ಕೂಲಿಯಿಂದ ಮನೆ ನಡೆಯುವುದಿಲ್ಲ. ಗಂಗಿಯನ್ನು ತಿರುಗಿ ಶಾಲೆಗೆ ಹಾಕಬೇಕು. ಮೂಲೆಯಲ್ಲಿದ್ದ ಗಂಡನ ಸುತ್ತಿಗೆ ತೆಗೆದು, ತೊಳೆದು, ಹೆಗಲ ಮೇಲೆ ಹೊತ್ತು ಖದಾನಿಗೆ ಹೋದೆ. ನನ್ನನ್ನು ನೋಡಿ ಭೀಮವ್ವನೂ ತನ್ನ ಗಂಡನದನ್ನು ಎಳೆದುಕೊಂಡು ಬಂದಳು. ದಾರಿಯಲ್ಲಿ ಆ ಐವರ ಹೆಂಡಂದಿರಲ್ಲಿ ಇನ್ನಿಬ್ಬರು ಗಂಡನ ಸುತ್ತಿಗೆ ಹೊತ್ತು ಕೂಡಿದರು. ಮಾತಾಡಿಕೊಂಡು ಬಂದದ್ದಲ್ಲ.

ದುರ್ಗಪ್ಪ ನಮ್ಮನ್ನು ನೋಡಿ ನಿಂತುಬಿಟ್ಟ. "ಹೆಂಗಸರ ಸುತ್ತಿಗಿ ಈ ಸಾಲಿನ್ಯಾಗ ಇಡೂದಿಲ್ಲ, ಹುಲಿಗೆವ್ವಾ."

"ಹೆಂಗಸರದಲ್ಲ ಇದು. ಯಾರದಂತ ನಿನಗ ಗೊತ್ತೈತಿ. ಎತ್ತೋಳು ಹೆಂಗಸು ಅಷ್ಟ."

"ನಿನ್ನ ಕೈಲೆ ಬಂಡಿ ಒಡೀತೈತೇನ?"

"ಹೋದ ವರ್ಷ ಇದು ಮಲಗೇ ಪಾಲು ತಗೊಂಡೈತಿ. ಈ ವರ್ಷ ಅರ್ಧಾ ಬಂಡಿ ಒಡದ್ರೂ ನಿನಗ ಲಾಭ."

ಭೀಮವ್ವ ಹಿಂದಿನಿಂದ, "ಅಂವಗ ಬೆರಳ ಎಂಟು, ನಮಗ ಹತ್ತು. ಏನ್ ಕೇಳ್ತಿ ಅಂವನ್ನ?" ಅಂದಳು. ಬಾಯಿ ಮುಚ್ಚು ಅಂತ ದುರ್ಗಪ್ಪ ಗದರಿದ, ಆದರೆ ಸರಿದು ದಾರಿ ಬಿಟ್ಟ. ಅವನಿಗೂ ಆಳು ಬೇಕಿತ್ತು. ನಾವು ನಾಲ್ವರೂ ಸಾಲಿನಲ್ಲಿ ಇಟ್ಟೆವು.

ಕಾಯಿ ಒಡೆಯುವ ಹೊತ್ತಿಗೆ ರಾಮವ್ವ ಬಂದಳು. ಬೆನ್ನಿಗೆ ಕೂಸು ಕಟ್ಟಿಕೊಂಡಿದ್ದಳು, ಕೈಯಲ್ಲಿ ಹನಮಂತನ ಸುತ್ತಿಗೆ. ಅವನು ಬಂದಿರಲಿಲ್ಲ. ಮಳೆಗಾಲದಲ್ಲೇ ಕೆಮ್ಮು ಹತ್ತಿತ್ತು, ನಮಗೆಲ್ಲಾ ಗೊತ್ತಿತ್ತು. ಗಟ್ಟಿ ಆಳು ಅಂತ ಹೊತ್ತು ಗೊತ್ತಿಲ್ಲದೆ ಡ್ರಿಲ್ ಹಿಡಿಸಿದ್ದರು, ಅದಕ್ಕೇ ಬೇಗ. ಅವಳು ಬಂಡೆಯ ತನಕ ಬಂದು ನಿಂತಳು. ಇಡಲಿಲ್ಲ. ಯಾವ ಬಾಯಿಯಿಂದ ಇಡುತ್ತಾಳೆ? ಮಲಗಿದ ಸುತ್ತಿಗೆಗೆ ಪಾಲು ಯಾಕೆ ಅಂತ ಕೇಳಿದವಳು ಅವಳೇ. ಸಾಲು ನೋಡಿದಳು. ನನ್ನನ್ನು ನೋಡಿದಳು. ಭೀಮವ್ವ ಏನೋ ಅನ್ನಲು ಬಾಯಿ ತೆರೆದಳು, ನಾನು ಅವಳ ಕಾಲು ತುಳಿದೆ.

"ಏನ್ ನೋಡ್ಕೋತ ನಿಂತಿ?" ಅಂದೆ ರಾಮವ್ವನಿಗೆ. "ಇಡು."

"ಅಕ್ಕಾ..."

"ಕೂಸು ಬಿಸಿಲಿಗೆ ಅಳತೈತಿ. ಇಡು ಅಂದ್ನಿ."

ನನ್ನ ಗಂಡನ ಸುತ್ತಿಗೆ ಪಕ್ಕಕ್ಕೆ ಸರಿಸಿ ಜಾಗ ಮಾಡಿದೆ. ಇಟ್ಟಳು. ದುರ್ಗಪ್ಪ ಅದಕ್ಕೂ ಅರಿಶಿನ ಹಚ್ಚಿದ.

ಆ ವರ್ಷ ನಾನು ದೊಡ್ಡ ಸುತ್ತಿಗೆ ಎತ್ತಲು ಕಲಿತೆ. ಹನಮಂತನ ಪಾಲು ನಮ್ಮ ರಟ್ಟೆಯಿಂದ ಹೋಯಿತು. ಸಂತೋಷದಿಂದ ಕೊಟ್ಟೆವು ಅಂತ ಬರೆದರೆ ಸುಳ್ಳು. ಪ್ರತಿ ಶನಿವಾರ ಗೊಣಗಿದೆವು, ಎಲ್ಲರಿಗಿಂತ ಜೋರಾಗಿ ನಾನೇ ಗೊಣಗಿದೆ. ಗೊಣಗುತ್ತಲೇ ಕೊಟ್ಟೆವು. ಅವನು ಮತ್ತೆ ಮೂರು ಮಾನೋಮಿ ಕಂಡ.

ಮೊಮ್ಮಗನ ಮನೆಯಲ್ಲಿ ಊಟ ಆಯಿತು, ಎಲೆ ಅಡಿಕೆ ಆಯಿತು. ಪಕ್ಕದ ಮನೆಯಲ್ಲಿ ಮಷೀನು ಇನ್ನೂ ನಿಂತಿರಲಿಲ್ಲ. ಬಚ್ಚಲಿನಿಂದ ಒಂದು ಬಕೆಟ್ ನೀರು, ಒಂದು ತಂಬಿಗೆ ತಗೊಂಡು ಹೋದೆ. ಅವನು ಕೊಯ್ಯುವ ಜಾಗಕ್ಕೆ ಸಣ್ಣ ಧಾರೆ ಬಿಡುತ್ತಾ ಎದುರಿಗೆ ಕೂತೆ. ಕೆಸರಾಯಿತು, ಕೆಲಸ ನಿಧಾನ ಆಯಿತು, ನನ್ನ ಹೊಸ ಸೀರೆಯ ಅಂಚು ಹಾಳಾಯಿತು. ಅವನು ಗೊಣಗಿದ.

ಗೊಣಗಲಿ. ನೀರು ಬಿಟ್ಟೆ.